ಬಂಗಲೆಯ ಅತಿಥಿಗಳೂ ಉಪ್ಪಿನ ಋಣವೂ

ಮುಂಬಯಿಯಲ್ಲಿ ಮನೆ ಚಿಕ್ಕದು, ಅತಿಥಿಗಳು ಬಹಳ. ಈ ಮಹಾನಗರದಲ್ಲಿ ನೆಲೆನಿಂತ ಕನ್ನಡಿಗರಿಗೆ ಇದನ್ನು ಬೇರೊಬ್ಬರು ಹೇಳಬೇಕಾಗಿಲ್ಲ. ಕೆಲಸ ಹುಡುಕಿಕೊಂಡು ಬಂದ ದಾಯಾದಿಯ ಮಗ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಬಂದ ಊರ ನೆರೆಯವರು, ಸಂಘದ ವಾರ್ಷಿಕೋತ್ಸವದಲ್ಲಿ ಭಾಷಣಮಾಡಲು ಬಂದ ವಿದ್ವಾಂಸರು, ಇವರೆಲ್ಲರೂ ಅದೇ ಎರಡು ಕೋಣೆಗಳಲ್ಲಿ ಹೇಗೋ ಹಿಡಿಯುತ್ತಾರೆ. ರಾತ್ರಿ ಮಲಗಲು ಸ್ಥಳ ಸಾಲದೆ ಮನೆಯೊಡೆಯನು ಚಾಳಿನ ಮೊಗಸಾಲೆಯಲ್ಲಿ ಹಾಸಿಗೆ ಬಿಡಿಸಿಕೊಂಡಾನು. ಆದರೆ ಊಟದ ಹೊತ್ತಿನ ಮಾತಿಗೆ ಸ್ಥಳ ಸಾಲದೆಹೋದ ಉದಾಹರಣೆ ಮಾತ್ರ ಇಲ್ಲ.

ಅಂಥ ಒಂದು ಆದಿತ್ಯವಾರದ ಊಟದ ಪಂಕ್ತಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಜಗತ್ತು ದಿನದಿನಕ್ಕೆ ಉದ್ಧಾರವಾಗುತ್ತಿದೆಯೆಂದೂ, ಮೆಟ್ರೋ ರೈಲು ಮನೆಯ ಬಾಗಿಲಿಗೇ ಬರುವ ದಿನ ದೂರವಿಲ್ಲವೆಂದೂ ಒಬ್ಬರು ಸಾರುತ್ತಿದ್ದಾರೆ. ಜಗತ್ತು ಹಾಳಾಯಿತು, ಈಗಿನ ಅಕ್ಕಿಯಲ್ಲಿ ಹಿಂದಿನ ರುಚಿಯಿಲ್ಲ, ಈಗಿನ ಮಕ್ಕಳಲ್ಲಿ ಹಿಂದಿನ ವಿನಯವಿಲ್ಲ ಎಂದು ಇನ್ನೊಬ್ಬರು ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಲೇ ನಿಟ್ಟುಸಿರಿಡುತ್ತಿದ್ದಾರೆ. ಎರಡು ಕಡೆಗೂ ಹೇಳುವುದು ಬೇಕಾದಷ್ಟಿದೆ ಎಂದು ಮೂರನೆಯವರು ತಲೆದೂಗುತ್ತಿದ್ದಾರೆ. ಮೂಲೆಯಲ್ಲಿ ಕುಳಿತ ನಾಲ್ಕನೆಯ ಹಿರಿಯರದು ಒಂದೇ ಮಾತು: ನಮ್ಮ ಮಕ್ಕಳು ಕನ್ನಡದ ಅಕ್ಷರ ಕಲಿಯಬೇಕು. ಅವರು ಅದನ್ನು ಹೇಳಲು ಬಾಯಿ ತೆರೆದೊಡನೆ ಉಳಿದ ಮೂವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಒಬ್ಬರ ಮಾತನ್ನು ಒಬ್ಬರು ಕೇಳಿದುದುಂಟೇ? ಇಲ್ಲ. ಗೃಹಿಣಿಯು ನಡುವೆ ಬಂದು, "ಇನ್ನಷ್ಟು ಸಾರು ಬಡಿಸಲೇ?" ಎನ್ನುತ್ತಾಳೆ. ಆ ಮಧ್ಯಾಹ್ನ ಕೇಳಿದ ಪ್ರಶ್ನೆಗಳಲ್ಲಿ ನೇರವಾದ ಉತ್ತರ ದೊರೆಯುವುದು ಅದೊಂದಕ್ಕೇ.

ಈ ಪಂಕ್ತಿಯನ್ನು ಇನ್ನೂರು ವರ್ಷಗಳ ಹಿಂದೆಯೇ ಕಂಡು, ಅದರಿಂದ ಸಾಹಿತ್ಯದ ಒಂದು ಪ್ರಕಾರವನ್ನೇ ನಿರ್ಮಿಸಿದ ಇಂಗ್ಲಿಷ್ ಲೇಖಕನೊಬ್ಬನಿದ್ದನು. ಆತನ ಹೆಸರು ಥಾಮಸ್ ಲವ್ ಪೀಕಾಕ್. ಆತನಿಗೂ ನಮ್ಮ ಮುಂಬಯಿಗೂ ಒಂದು ನಂಟಿದೆ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ. ಆದರೆ ಮೊದಲು ಆತನ ಅತಿಥಿಗಳ ಪರಿಚಯವಾಗಲಿ.

ತತ್ತ್ವಜ್ಞಾನಿಗಳ ಔತಣ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನುದಾರರು ಕಟ್ಟಿಸಿಕೊಂಡ ದೊಡ್ಡ ಬಂಗಲೆಗಳು ನಮ್ಮ ಗುತ್ತಿನ ಮನೆಗಳಂತೆ, ವಾಡೆಗಳಂತೆ, ಊರಿಗೊಂದು ಕೇಂದ್ರವಾಗಿದ್ದವು. ಹಬ್ಬಹರಿದಿನಗಳಲ್ಲಿ ಅಲ್ಲಿಗೆ ಅತಿಥಿಗಳು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ಉಂಡು, ತಿರುಗಾಡಿ, ಮತ್ತೆ ಉಂಡು, ಉಳಿದ ಹೊತ್ತಿನಲ್ಲಿ ಚರ್ಚೆಮಾಡುವುದು ಅವರ ದಿನಚರಿ. 1785ರಲ್ಲಿ ಹುಟ್ಟಿದ ಪೀಕಾಕನು ಗಾಜಿನ ವ್ಯಾಪಾರಿಯೊಬ್ಬನ ಮಗ. ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡು, ಹದಿಮೂರು ತುಂಬುವ ಮೊದಲೇ ಶಾಲೆ ಬಿಟ್ಟು, ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಕಲಿತ ಈತನಿಗೆ ಇಂಥ ಬಂಗಲೆಯೇ ನಾಟಕದ ರಂಗಸ್ಥಳವಾಗಿ ಕಂಡಿತು. ಮನುಷ್ಯನಿಗೊಂದು ಗೀಳು, ಗೀಳಿಗೊಂದು ಕುರ್ಚಿ, ಎಲ್ಲರ ನಡುವೆ ಒಂದು ಊಟದ ಮೇಜು: ಆತನ ಕಾದಂಬರಿಗೆ ಬೇಕಾದ ಸಾಮಗ್ರಿ ಇಷ್ಟೇ.

1816ರ 'ಹೆಡ್‌ಲಾಂಗ್ ಹಾಲ್' ಇವುಗಳಲ್ಲಿ ಮೊದಲನೆಯದು. ವೇಲ್ಸ್ ಪ್ರಾಂತದ ಜಮೀನುದಾರನೊಬ್ಬನಿಗೆ ಪುಸ್ತಕ ಓದಿ ತತ್ತ್ವಜ್ಞಾನಿಗಳ ಸಹವಾಸ ಬೇಕೆನಿಸುತ್ತದೆ. ಅವರನ್ನು ಹುಡುಕಿಕೊಂಡು ಆತನು ಆಕ್ಸ್‌ಫರ್ಡಿಗೆ ಹೋಗುತ್ತಾನೆ. ಅಂಥವರು ಈ ವಿಶ್ವವಿದ್ಯಾಲಯದಲ್ಲಿ ಯಾರೂ ಇಲ್ಲವೆಂದು ಅಲ್ಲಿನ ಪ್ರಾಧ್ಯಾಪಕನೇ ಭರವಸೆ ಕೊಟ್ಟಮೇಲೆ ಲಂಡನ್ನಿಗೆ ಹೋಗಿ, ಸಿಕ್ಕವರನ್ನೆಲ್ಲ ಕ್ರಿಸ್‌ಮಸ್ ಹಬ್ಬಕ್ಕೆ ಕರೆಯುತ್ತಾನೆ. ಒಂದೇ ಟಪಾಲು ಗಾಡಿಯಲ್ಲಿ ನಾಲ್ವರು ಬರುತ್ತಾರೆ: ಮನುಕುಲ ಪರಿಪೂರ್ಣತೆಯತ್ತ ಸಾಗುತ್ತಿದೆಯೆನ್ನುವ ಉದ್ಧಾರವಾದಿ, ಅಧೋಗತಿಗಿಳಿಯುತ್ತಿದೆಯೆನ್ನುವ ಪತನವಾದಿ, ಇದ್ದಂತೆಯೇ ಇದೆಯೆನ್ನುವ ಯಥಾಸ್ಥಿತಿವಾದಿ, ಮತ್ತು ಟರ್ಕಿ ಕೋಳಿಯ ಹೊಟ್ಟೆಯಲ್ಲಿ ಮಸಾಲೆ ತುಂಬುವ ಕಲೆಯನ್ನು ಕುರಿತು ಪಾಂಡಿತ್ಯಪೂರ್ಣವಾಗಿ ವಿವೇಚಿಸಿದ ಪಾದ್ರಿ. ದಾರಿಯ ಛತ್ರದಲ್ಲಿ ಮಾಂಸಾಹಾರ ಮೇಲೋ ಸಸ್ಯಾಹಾರ ಮೇಲೋ ಎಂದು ವಾದವೇಳುತ್ತದೆ. ವಾದ ಎರಡು ಕಡೆಗೂ ಸಮತೂಕವಾಗಿರುವುದರಿಂದ ಎದುರಿಗೆ ಬಂದುದು ಚೆನ್ನಾಗಿದ್ದರೆ ತಾನು ತಿನ್ನುವುದಾಗಿ ಯಥಾಸ್ಥಿತಿವಾದಿ ಹೇಳುತ್ತಾನೆ. ಈ ಸಿದ್ಧಾಂತವು ಮಾನವಕುಲಕ್ಕೆ ಘಾತುಕವೆಂದು ಉಳಿದಿಬ್ಬರೂ ಖಂಡಿಸುತ್ತಾರೆ. ತಟ್ಟೆಯ ಮುಂದೆ ಮಾತ್ರ ಮೂವರ ಆಚರಣೆಯೂ ಒಂದೇ. ಕಲ್ಯಾಣ ಅಥವಾ ವಿರಾರಿನ ಲೋಕಲ್ ಗಾಡಿಯಲ್ಲಿ ದಿನವೂ ಒಂದೇ ಡಬ್ಬಿಯನ್ನು ಹತ್ತುವವರು ಈ ನಾಲ್ವರನ್ನು ಕಂಡೊಡನೆಯೇ ಗುರುತಿಸಿಯಾರು.

ಅದೇ ಬಂಗಲೆಗೆ ಬರುವ ಭೂಮಿಸುಧಾರಕನೊಬ್ಬನಿಗೆ ಇದ್ದುದನ್ನು ಇದ್ದಂತೆ ಬಿಡುವುದೆಂದರೆ ಆಗದು. ನೋಟಕ್ಕೆ ಅಡ್ಡವಾದ ಬಂಡೆಯೊಂದನ್ನು ಆತನು ಮದ್ದಿಟ್ಟು ಸಿಡಿಸುತ್ತಾನೆ. ಆ ಸದ್ದಿಗೆ ಬೆಚ್ಚಿದ ತಲೆಬುರುಡೆಶಾಸ್ತ್ರದ ಪಂಡಿತನು ಗೋಪುರದ ಮೇಲಿನಿಂದ ನೀರಿಗೆ ಬೀಳುತ್ತಾನೆ. ಪತನವಾದಿ ಧುಮುಕಿ ಆತನನ್ನು ಉಳಿಸುತ್ತಾನೆ. ಎಲ್ಲವೂ ಕಾರ್ಯಕಾರಣದ ನಿಯಮದಂತೆ ನಡೆದುದರಿಂದ ತಾನು ಯಾರಿಗೂ ಋಣಿಯಲ್ಲವೆಂದು ಬದುಕಿಬಂದ ಪಂಡಿತನ ವಾದ. ಕೊನೆಗೆ ಆತನು ಮಗಳನ್ನು ಕೊಡಲು ಒಪ್ಪುವುದು ಪ್ರಾಣ ಉಳಿಸಿದುದಕ್ಕಾಗಿಯಲ್ಲ, ಪ್ರಾಚೀನ ವೀರನದೆಂದು ಹೇಳಲಾದ ತಲೆಬುರುಡೆಯೊಂದು ತನ್ನ ಸಂಗ್ರಹಕ್ಕೆ ದೊರೆತುದಕ್ಕಾಗಿ!

1818ರ 'ನೈಟ್‌ಮೇರ್ ಆ್ಯಬಿ'ಯಲ್ಲಿ ದುಃಖವೇ ಎಲ್ಲರ ಗೀಳು. ಅಲ್ಲಿನ ತರುಣ ನಾಯಕನು ಜಗತ್ತನ್ನು ಸುಧಾರಿಸಲು ಗ್ರಂಥವೊಂದನ್ನು ಬರೆದು ಅಚ್ಚುಹಾಕಿಸುತ್ತಾನೆ. ಮಾರಾಟವಾದ ಪ್ರತಿಗಳು ಏಳು. ಆತನು ಎದೆಗುಂದುವುದಿಲ್ಲ, ಏಳೆಂಬುದು ಪವಿತ್ರ ಸಂಖ್ಯೆ, ಆ ಏಳು ಮಂದಿಯೇ ಜಗತ್ತಿನ ದೀಪಸ್ತಂಭಗಳೆಂದು ನಂಬುತ್ತಾನೆ. ಹೊರನಾಡಿನಲ್ಲಿ ಕನ್ನಡ ಪುಸ್ತಕ ಅಚ್ಚುಹಾಕಿಸಿದ ನಮ್ಮವರಿಗೆ ಈ ಲೆಕ್ಕಾಚಾರ ಅಪರಿಚಿತವಲ್ಲ. ಈ ತರುಣನು ಪೀಕಾಕನ ಆಪ್ತಮಿತ್ರನೂ ಮಹಾಕವಿಯೂ ಆದ ಷೆಲ್ಲಿಯ ಪ್ರತಿಬಿಂಬ. ತನ್ನ ಅಣಕುಚಿತ್ರವನ್ನು ಓದಿದ ಷೆಲ್ಲಿಯು ಕೋಪಿಸಿಕೊಳ್ಳದೆ ಮೆಚ್ಚಿ ಕಾಗದ ಬರೆದನು. ಅದು ದೊಡ್ಡ ಮನಸ್ಸು. ನಮ್ಮ ನಡುವೆ ಇಂಥದೊಂದು ಪುಸ್ತಕ ಬಂದರೆ ಮೊದಲು ಬರುವುದು ವಕೀಲರ ನೋಟೀಸು.

ಹೀಗೆ ಹುಟ್ಟಿದ ಈ ಪ್ರಕಾರವು ಇಂಗ್ಲಿಷಿನಲ್ಲಿ ಇಂದಿಗೂ ಬತ್ತಿಲ್ಲ. 1921ರಲ್ಲಿ ಆಲ್ಡಸ್ ಹಕ್ಸ್‌ಲಿಯು 'ಕ್ರೋಮ್ ಯೆಲ್ಲೋ' ಬರೆದಾಗ ಪೀಕಾಕನ ದಾರಿಯನ್ನೇ ಹಿಡಿದನು. ಆತನು 1925ರಲ್ಲಿ ಹಡಗಿನಿಂದ ಮುಂಬಯಿಯಲ್ಲಿ ಇಳಿದವನು. ಪಿ. ಜಿ. ವುಡ್‌ಹೌಸ್ 1915ರಿಂದ ಆರಂಭಿಸಿ ಬ್ಲಾಂಡಿಂಗ್ಸ್ ಕೋಟೆಗೆ ಎಂಥೆಂಥ ಅತಿಥಿಗಳನ್ನು ಕರೆತಂದನೆಂಬುದನ್ನು, ಫೋರ್ಟಿನ ಕಾಲುದಾರಿಯ ಹಳೆಯ ಪುಸ್ತಕದ ರಾಶಿಗಳಲ್ಲಿ ಕೈಯಾಡಿಸಿದವರಿಗೆ ಹೇಳಬೇಕಾಗಿಲ್ಲ. ಹಂದಿಯನ್ನು ಮಕ್ಕಳಿಗಿಂತ ಹೆಚ್ಚಾಗಿ ಪ್ರೀತಿಸುವ ಆ ಕೋಟೆಯ ಒಡೆಯನ ವಂಶವೃಕ್ಷವನ್ನು ಹುಡುಕಿದರೆ ಅದರ ಬೇರು ಪೀಕಾಕನ ಬಂಗಲೆಯಲ್ಲೇ ಸಿಕ್ಕೀತು.

ನಗುವವನ ಕಛೇರಿ

ಇಷ್ಟೆಲ್ಲರನ್ನು ನಕ್ಕ ಪೀಕಾಕನು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದನು? ಇಲ್ಲಿಯೇ ಕಥೆ ನಮ್ಮ ಅಂಗಳಕ್ಕೆ ಬರುತ್ತದೆ. 1819ರಲ್ಲಿ ಆತನು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಇಂಡಿಯಾ ಹೌಸಿನಲ್ಲಿ, ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಛೇರಿಯಲ್ಲಿ, ನೌಕರಿಗೆ ಸೇರಿದನು. ಭಾರತಕ್ಕೆ ಕಳುಹಿಸುವ ಆಜ್ಞಾಪತ್ರಗಳ ಕರಡು ತಯಾರಿಸುವುದು ಆ ಶಾಖೆಯ ಕೆಲಸ. ಆತನ ಮೇಲಧಿಕಾರಿಯಾಗಿದ್ದವನು ಭಾರತಕ್ಕೆ ಎಂದೂ ಬಾರದೆ ಭಾರತದ ಇತಿಹಾಸ ಬರೆದ ಜೇಮ್ಸ್ ಮಿಲ್. 1836ರಲ್ಲಿ ಮಿಲ್ ತೀರಿಕೊಂಡಾಗ ಆ ಸ್ಥಾನ ಪೀಕಾಕನಿಗೆ ಬಂತು. 1856ರಲ್ಲಿ ಆತನು ನಿವೃತ್ತನಾದಾಗ ಅದು ಮಿಲ್ಲನ ಮಗನೂ ಪ್ರಸಿದ್ಧ ತತ್ತ್ವಜ್ಞಾನಿಯೂ ಆದ ಜಾನ್ ಸ್ಟೂಅರ್ಟ್ ಮಿಲ್ಲನಿಗೆ ಹೋಯಿತು. ಮೂವರೂ ಭಾರತವನ್ನು ಕಣ್ಣಿನಿಂದ ಕಂಡವರಲ್ಲ. ಆದರೂ ಮುಂಬಯಿ, ಧಾರವಾಡ, ಮಂಗಳೂರುಗಳ ಪ್ರಜೆಗಳ ಮೇಲೆ ಅಧಿಕಾರ ನಡೆಸುತ್ತಿದ್ದ ಕಂಪನಿಯ ಲೇಖನಿ ಅವರ ಕೈಯಲ್ಲಿತ್ತು.

ಕಛೇರಿಯಲ್ಲಿ ಪೀಕಾಕನಿಗೂ ಒಂದು ಗೀಳು ಹತ್ತಿತು. ಅದು ಹಬೆಹಡಗಿನ ಗೀಳು. ಗುಡ್‌ಹೋಪ್ ಭೂಶಿರವನ್ನು ಸುತ್ತಿಕೊಂಡು ಬರುವ ಹಾಯಿಹಡಗುಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. 1829ರಲ್ಲಿಯೇ ಆತನು ಹಬೆಯ ಸಂಚಾರವನ್ನು ಕುರಿತು ಕಂಪನಿಗೆ ಒಂದು ಟಿಪ್ಪಣಿ ಬರೆದುಕೊಟ್ಟನು. ಇತ್ತ ಮುಂಬಯಿಯ ಅಧಿಕಾರಿಗಳು ಲಂಡನ್ನಿನ ಅಪ್ಪಣೆಗೆ ಕಾಯದೆ ಇಲ್ಲಿನ ಹಡಗುಕಟ್ಟೆಯಲ್ಲಿಯೇ, ವಾಡಿಯಾ ಮನೆತನದ ಪಾರಸಿ ನಿಪುಣರ ಕೈಯಿಂದ, 'ಹ್ಯೂ ಲಿಂಡ್ಸೆ' ಎಂಬ 411 ಟನ್ನಿನ ಹಬೆಹಡಗನ್ನು ಕಟ್ಟಿಸಿದರು. 1830ರ ಮಾರ್ಚ್ 20ರಂದು ಅದು ಮುಂಬಯಿಯಿಂದ ಸೂಯೆಜಿಗೆ ಹೊರಟಿತು. ಅದರಲ್ಲಿ ಹಿಡಿಸುತ್ತಿದ್ದ ಕಲ್ಲಿದ್ದಲು ಐದಾರು ದಿನಗಳಿಗಷ್ಟೇ ಸಾಕಾಗುವಂಥದು. ಏಡನ್ನಿನವರೆಗಿನ ದಾರಿಯೇ ಹನ್ನೊಂದು ದಿನಗಳದು. ಆದುದರಿಂದ ಪ್ರಯಾಣಿಕರ ಕೊಠಡಿಗಳಲ್ಲಿಯೂ ಕಲ್ಲಿದ್ದಲನ್ನೇ ತುಂಬಿದರು. ಹೀಗೆ ಆ ತೇಲುವ ಬಂಗಲೆಯಲ್ಲಿ ಕಲ್ಲಿದ್ದಲೇ ಮುಖ್ಯ ಅತಿಥಿಯಾಯಿತು. ಏಡನ್ ಮುಟ್ಟುವಾಗ ಉಳಿದುದು ಇನ್ನು ಕೆಲವೇ ಗಂಟೆಗಳಿಗಾಗುವಷ್ಟು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಪೀಕಾಕನ ಅತಿಶಯೋಕ್ತಿಯೆನ್ನುತ್ತಿದ್ದೆವು.

ಮುಂಬಯಿಯವರ ಒಲವು ಕೆಂಪು ಸಮುದ್ರದ ದಾರಿಗೆ. ಪೀಕಾಕನ ಒಲವು ಯೂಫ್ರೆಟಿಸ್ ನದಿಯ ದಾರಿಗೆ. 1834ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಆತನು ತನ್ನ ದಾರಿಯ ಪರವಾಗಿ ಸಾಕ್ಷ್ಯ ನುಡಿದನು. ಆ ದಾರಿಯನ್ನು ಪರೀಕ್ಷಿಸಲು ಹೋದ ಎರಡು ಹಡಗುಗಳಲ್ಲಿ 'ಟೈಗ್ರಿಸ್' ಎಂಬುದು 1836ರಲ್ಲಿ ಬಿರುಗಾಳಿಗೆ ಸಿಕ್ಕಿ ಹಲವರ ಪ್ರಾಣದೊಡನೆ ನದಿಯಲ್ಲಿ ಮುಳುಗಿತು. ಕಾಲವು ತೀರ್ಪು ಕೊಟ್ಟುದು ಮುಂಬಯಿಯವರ ದಾರಿಗೆ. ಆಮೇಲೆ ಪೀಕಾಕನ ಮೇಲ್ವಿಚಾರಣೆಯಲ್ಲಿ ಕಟ್ಟಿದ ಕಬ್ಬಿಣದ ಹಬೆಹಡಗುಗಳು ಭೂಶಿರವನ್ನು ಸುತ್ತಿ ಪೂರ್ವಕ್ಕೆ ಬಂದು, ಚೀನದ ಮೇಲಿನ ಅಫೀಮಿನ ಯುದ್ಧದಲ್ಲಿ ಪಾಲುಗೊಂಡವು. ಮಾಳವದ ಅಫೀಮು ಮುಂಬಯಿಯ ಬಂದರಿನಿಂದಲೇ ಚೀನಕ್ಕೆ ಹೋಗುತ್ತಿದ್ದ ದಿನಗಳವು. ಈ ನಗರದ ಹಲವು ಹಳೆಯ ಐಶ್ವರ್ಯಗಳ ಅಡಿಗಲ್ಲಿನಲ್ಲಿ ಅದರ ವಾಸನೆಯಿದೆ.

ವಿನೋದವೇನೆಂದರೆ, 1831ರಲ್ಲಿ ಪ್ರಕಟವಾದ 'ಕ್ರಾಚೆಟ್ ಕ್ಯಾಸಲ್' ಕಾದಂಬರಿಯಲ್ಲಿ ಇದೇ ಪೀಕಾಕನು ಹಬೆಯನ್ನೂ ಪ್ರಗತಿಯನ್ನೂ ಲೇವಡಿಮಾಡಿದ್ದಾನೆ. ಜನರಿಗೆ ಅಗ್ಗದ ಜ್ಞಾನವನ್ನು ಹಂಚುವ 'ಹಬೆಬುದ್ಧಿಯ ಸಂಘ'ವೊಂದು ಅಲ್ಲಿದೆ. ಅದರ ಪುಸ್ತಿಕೆಯನ್ನು ಹಾಸಿಗೆಯಲ್ಲಿ ಓದುತ್ತಾ ನಿದ್ದೆಹೋದ ಅಡಿಗೆಯವಳು ದೀಪದಿಂದ ಪರದೆಗೆ ಬೆಂಕಿ ಹತ್ತಿಸಿಬಿಡುತ್ತಾಳೆ. ಹನ್ನೆರಡನೆಯ ಶತಮಾನವೇ ಸುವರ್ಣಯುಗವೆನ್ನುವ ಒಬ್ಬ ಅತಿಥಿ, ನೀರು ಕಂಡಲ್ಲೆಲ್ಲ ರೋಗ ಕಾಣುವ ಇನ್ನೊಬ್ಬ, ಎಲ್ಲವನ್ನೂ ಅರ್ಥಶಾಸ್ತ್ರದ ಸೂತ್ರಕ್ಕಿಳಿಸುವ ಮತ್ತೊಬ್ಬ ಅಲ್ಲಿ ಸೇರಿದ್ದಾರೆ. ಹಗಲು ಕಛೇರಿಯಲ್ಲಿ ಹಬೆಯ ಭಕ್ತ, ಸಂಜೆ ಮನೆಯಲ್ಲಿ ಹಬೆಯ ವಿದೂಷಕ! ತಾನೂ ಆ ಮೇಜಿನ ಒಬ್ಬ ಅತಿಥಿಯೆಂಬುದು ಆತನಿಗೆ ತಿಳಿದಿರಲಾರದೆ? ತಿಳಿದಿತ್ತೆಂದೇ ತೋರುತ್ತದೆ, ಆತನ ನಗೆಯಲ್ಲಿ ವಿಷವಿಲ್ಲದಿರುವುದಕ್ಕೆ ಕಾರಣ ಅದೇ ಇರಬೇಕು.

ಉಪ್ಪಿನ ಪ್ರಶ್ನೆ

ಆದರೆ ಒಂದು ವಿಷಯದಲ್ಲಿ ನಾವು ನಗುವುದು ಕಷ್ಟ. 1836ರಲ್ಲಿ ಪೀಕಾಕನು ಮತ್ತೊಮ್ಮೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತನು. ಈ ಸಲದ ವಿಷಯ ಉಪ್ಪು. ಚೆಷೈರಿನ ಉಪ್ಪಿನ ಉತ್ಪಾದಕರೂ ಲಿವರ್‌ಪೂಲಿನ ವರ್ತಕರೂ ತಮ್ಮ ಉಪ್ಪನ್ನು ಭಾರತದಲ್ಲಿ ಮಾರಲು ಹವಣಿಸುತ್ತಿದ್ದರು. ಬಂಗಾಲದಲ್ಲಿ ಉಪ್ಪಿನ ಏಕಸ್ವಾಮ್ಯ ಕಂಪನಿಯದಾಗಿತ್ತು. ಪೀಕಾಕನು ತನ್ನ ಒಡೆಯರ ಏಕಸ್ವಾಮ್ಯವನ್ನು ಸಮರ್ಥವಾಗಿ ರಕ್ಷಿಸಿದನು. ಆ ಯಥಾಸ್ಥಿತಿವಾದಿಯನ್ನು ಕೇಳಿದರೆ ಎರಡು ಕಡೆಗೂ ಹೇಳುವುದಿದೆಯೆಂದಾನು: ಪರದೇಶದ ಉಪ್ಪು ಬರದಂತೆ ತಡೆದರೆ ಇಲ್ಲಿನ ಉಪ್ಪು ಬೇಯಿಸುವವರ ಕೈಗೆ ಕೆಲಸ ಉಳಿಯುತ್ತಿತ್ತು. ಇರಬಹುದು. ಆದರೆ ಗಂಜಿಗೆ ಹಾಕುವ ಹಿಡಿ ಉಪ್ಪಿಗೆ ಬಡವನು ಕೊಡಬೇಕಾದ ಬೆಲೆ ಎಷ್ಟೆಂಬುದನ್ನು ಲಂಡನ್ನಿನ ಒಂದು ಕೋಣೆಯಲ್ಲಿ ಎರಡು ಪಕ್ಷದ ಶ್ರೀಮಂತರು ಕುಳಿತು ವಾದಿಸಿದರು. ಉಪ್ಪು ತಿನ್ನುವವನಿಗೆ ಆ ಮೇಜಿನ ಬಳಿ ಕುರ್ಚಿಯಿರಲಿಲ್ಲ. ಕಂಪನಿಯ ಉಪ್ಪು ತಿಂದವನು ಕಂಪನಿಯ ಉಪ್ಪಿನ ಋಣವನ್ನು ತೀರಿಸಿದನು.

ಇದಾದ 94 ವರ್ಷಗಳಿಗೆ, 1930ರ ಮಾರ್ಚ್ 12ರಂದು, ಸಬರಮತಿಯಿಂದ ಒಬ್ಬ ವೃದ್ಧರು ಹಿಡಿ ಉಪ್ಪಿಗಾಗಿ ಕಾಲ್ನಡಿಗೆಯಲ್ಲಿ ಹೊರಟರು. ಇದೇನು ಗೀಳು ಎಂದು ನಕ್ಕವರು ಇಂಗ್ಲಿಷರು ಮಾತ್ರವಲ್ಲ. ಸ್ವರಾಜ್ಯದಂಥ ಮಹತ್ತಾದ ಧ್ಯೇಯಕ್ಕೆ ಉಪ್ಪಿನಂಥ ಅಲ್ಪವಸ್ತುವೇ ಎಂದು ಸಂದೇಹಪಟ್ಟವರು ಕಾಂಗ್ರೆಸ್ಸಿನಲ್ಲಿಯೂ ಇದ್ದರು. ಉಪ್ಪಿನ ಚಳವಳಿಯ ಯೋಚನೆ ತನ್ನ ನಿದ್ದೆಯನ್ನೇನೂ ಕೆಡಿಸಿಲ್ಲವೆಂಬ ಅರ್ಥದಲ್ಲಿ ವೈಸರಾಯ್ ಇರ್ವಿನ್ ಬರೆದನು. ಏಪ್ರಿಲ್ 6ರಂದು ದಾಂಡಿಯಲ್ಲಿ ಗಾಂಧೀಜಿ ಉಪ್ಪನ್ನೆತ್ತಿದರು. ಅದೇ ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕನ್ನಡಿಗರು ಉಪ್ಪು ಮಾಡಿದರು. ಮುಂಬಯಿಯಲ್ಲಿ ವಡಾಲಾದ ಉಪ್ಪಿನ ಆಗರಗಳಿಗೆ ಸತ್ಯಾಗ್ರಹಿಗಳು ನುಗ್ಗಿ ಪೋಲೀಸರ ಲಾಠಿಯ ಏಟು ತಿಂದರು. ಇಂದು ಹಾರ್ಬರ್ ಮಾರ್ಗದ ಗಾಡಿಯಲ್ಲಿ ವಡಾಲಾವನ್ನು ದಾಟುವವರು ಬಹಳ. ಆ ಉಪ್ಪನ್ನು ನೆನೆಯುವವರು ಕಡಮೆ.

ಹಾಗಾದರೆ ನಗುವುದು ಯಾರನ್ನು? ಗೀಳು ಯಾವುದು, ನಿಷ್ಠೆ ಯಾವುದು? ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಲಕ್ಷಣ. ಇಬ್ಬರೂ ಒಂದೇ ಮಾತನ್ನು ಹೇಳುತ್ತಾರೆ. ಇಬ್ಬರೂ ಹೊತ್ತುಗೊತ್ತು ನೋಡುವುದಿಲ್ಲ. ಇಬ್ಬರನ್ನು ಕಂಡರೂ ಪಂಕ್ತಿಯವರು ಮುಖಮುಖ ನೋಡಿಕೊಳ್ಳುತ್ತಾರೆ.

ಉತ್ತರದ ಒಂದು ಎಳೆ ಪೀಕಾಕನಲ್ಲಿಯೇ ಇದೆ. 1817ರ ಆತನ 'ಮೆಲಿನ್‌ಕೋರ್ಟ್' ಕಾದಂಬರಿಯಲ್ಲಿ ಸಕ್ಕರೆ ತಿನ್ನದ ಒಬ್ಬ ತರುಣನಿದ್ದಾನೆ. ವೆಸ್ಟ್ ಇಂಡೀಸಿನ ಗುಲಾಮರ ಬೆವರಿನಿಂದ ಬಂದ ಸಕ್ಕರೆಯನ್ನು ತನ್ನ ಮನೆಯೊಳಗೆ ಬಿಡುವುದಿಲ್ಲವೆಂಬುದು ಆತನ ವ್ರತ. ಸಕ್ಕರೆಯಿಲ್ಲದ ಔತಣವನ್ನೇ ಏರ್ಪಡಿಸಿ ಆತನು ಇತರರನ್ನೂ ಒಲಿಸಿಕೊಳ್ಳಲು ನೋಡುತ್ತಾನೆ. ಪೀಕಾಕನು ಈತನನ್ನು ನೋಡಿ ಮುಗುಳ್ನಗುತ್ತಾನೆ; ಆದರೆ ಗೋಪುರದಿಂದ ನೀರಿಗೆ ಬೀಳಿಸುವುದಿಲ್ಲ. ಏಕೆಂದರೆ ಈತನ ಗೀಳಿನಿಂದ ಕಹಿಯಾಗುವುದು ಈತನದೇ ಚಹಾ. ಬಂಡೆ ಸಿಡಿಸುವ ಸುಧಾರಕನ ಗೀಳಿನಿಂದ ಬೀಳುವವನು ಬೇರೊಬ್ಬ. ತನ್ನ ಮಾತಿನ ಬೆಲೆಯನ್ನು ತಾನೇ ತೆರುವವನದು ನಿಷ್ಠೆ. ಅದನ್ನು ಪರರಿಂದ ತೆರಿಸುವವನದು ಗೀಳು. ದಾಂಡಿಗೆ ನಡೆದವರು ಸವೆಸಿದುದು ತಮ್ಮ ಕಾಲನ್ನು; ಚಾಳನ್ನು ಕೆಡವಿ ಗಗನಚುಂಬಿ ಕಟ್ಟುವ ಕನಸುಗಾರನು ಸವೆಸುವುದು ಬಾಡಿಗೆದಾರರ ಆಯುಸ್ಸನ್ನು. ಈ ಒಂದು ಒರೆಗಲ್ಲನ್ನು ಕೈಯಲ್ಲಿ ಹಿಡಿದರೆ ನಗೆಯು ದಾರಿತಪ್ಪುವ ಭಯವಿಲ್ಲ.

ಮಾತನಾಡದ ಅತಿಥಿ

ಅದೇ ಕಾದಂಬರಿಯಲ್ಲಿ ಮಾತನಾಡದ ಅತಿಥಿಯೊಬ್ಬನಿದ್ದಾನೆ. ಆತನು ಮನುಷ್ಯನಲ್ಲ, ಒರಾಂಗುಟಾನ್ ಜಾತಿಯ ವಾನರ. ಉಡುಪು ತೊಡಿಸಿ, ಬಿರುದು ಕೊಡಿಸಿ ಸಮಾಜಕ್ಕೆ ತಂದಾಗ, ಬಾಯಿ ತೆರೆಯದ ಈತನನ್ನು ಎಲ್ಲರೂ ಗಂಭೀರ ಪುರುಷನೆಂದೇ ಎಣಿಸುತ್ತಾರೆ. ಒಬ್ಬನೇ ಮತದಾರನಿರುವ ಕ್ಷೇತ್ರವೊಂದರಿಂದ ಈತನು ಪಾರ್ಲಿಮೆಂಟಿಗೂ ಆರಿಸಿಬರುತ್ತಾನೆ! ಅಂದಿನ ಇಂಗ್ಲೆಂಡಿನಲ್ಲಿ ಬೆರಳೆಣಿಕೆಯ ಮತದಾರರ ಇಂಥ ಕ್ಷೇತ್ರಗಳು ನಿಜವಾಗಿಯೂ ಇದ್ದವು. 1832ರ ಸುಧಾರಣಾ ಕಾಯಿದೆ ಬಂದ ಮೇಲೆಯೇ ಅವುಗಳಲ್ಲಿ ಅನೇಕವು ರದ್ದಾದವು.

ಈ ಮೂಕ ಸದಸ್ಯನನ್ನು ನೆನೆದಾಗ ಮುಂಬಯಿಯ ಇನ್ನೊಬ್ಬ ಮೂಕ ಅತಿಥಿ ನೆನಪಾಗುತ್ತಾನೆ. ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಿಂದ ಬರೆಯುತ್ತಾ 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಮಾಸಿಕವನ್ನು ಹೊರಡಿಸಿದರು. 1967ರವರೆಗೆ ಕಾಲು ಶತಮಾನ ಅದು ಕನ್ನಡಿಗರಿಗೆ ತಮ್ಮನ್ನು ತಾವೇ ನಗುವುದನ್ನು ಕಲಿಸಿತು. ಅದರಲ್ಲಿ ಚಿತ್ರ ಬರೆಯುತ್ತಿದ್ದ ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣ್ ಆಮೇಲೆ ಮುಂಬಯಿಗೆ ಬಂದು, ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಿಂದ ದಶಕಗಳ ಕಾಲ ದಿನಕ್ಕೊಂದು ಕಿರುಚಿತ್ರವನ್ನು ಬರೆದರು. ಚೌಕಳಿ ಅಂಗಿ, ಪಂಚೆ, ಕನ್ನಡಕಗಳ ಆ ಶ್ರೀಸಾಮಾನ್ಯನು ಮಂತ್ರಿಗಳ ಬಂಗಲೆಗೆ, ಅಧಿಕಾರಿಗಳ ಕಛೇರಿಗೆ, ಉದ್ಘಾಟನೆಯ ಚಪ್ಪರಕ್ಕೆ ಕರೆಯದೆಯೇ ಬರುವ ಅತಿಥಿ. ಎಲ್ಲರೂ ಮಾತನಾಡುತ್ತಾರೆ; ಆತನು ನೋಡುತ್ತಾನೆ. ಪೀಕಾಕನ ವಾನರನ ಮೌನಕ್ಕೆ ಅರ್ಥವಿರಲಿಲ್ಲ. ಜನ ಅರ್ಥ ಹಚ್ಚಿದರು. ಲಕ್ಷ್ಮಣರ ಶ್ರೀಸಾಮಾನ್ಯನ ಮೌನದಲ್ಲಿ ಅರ್ಥವೇ ತುಂಬಿತ್ತು. 1836ರ ಆ ಸಮಿತಿಯ ಕೋಣೆಯಲ್ಲಿ ಖಾಲಿಯೂ ಇರದೆ ಹೋಗಿದ್ದ ಆ ಒಂದು ಕುರ್ಚಿಯಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, ಮೈಸೂರಿನಿಂದ ವಲಸೆ ಬಂದ ಕಲಾವಿದರೊಬ್ಬರು ಉಪ್ಪು ತಿನ್ನುವವನನ್ನು ಕರೆತಂದು ಕುಳ್ಳಿರಿಸಿದರೆನ್ನಬೇಕು.

ಪಂಕ್ತಿಗೆ ಮರಳಿ

ಈಗ ನಾವು ಬಿಟ್ಟುಬಂದ ಆದಿತ್ಯವಾರದ ಊಟಕ್ಕೆ ಹಿಂದಿರುಗೋಣ. ಮಜ್ಜಿಗೆಯ ಹೊತ್ತಾಗಿದೆ. ಉದ್ಧಾರವಾದಿಗಳು ಮೆಟ್ರೋ ಬಿಟ್ಟು ಹೊಸ ಸೇತುವೆಗೆ ಬಂದಿದ್ದಾರೆ. ಪತನವಾದಿಗಳು ಹೊಯ್ಸಳರ ಕಾಲಕ್ಕೆ ಹೋಗಿದ್ದಾರೆ. ಮೂರನೆಯವರಿಗೆ ನಿದ್ದೆ ಬಂದಿದೆ. ಮೂಲೆಯ ಹಿರಿಯರು ಮತ್ತೆ ತಮ್ಮ ಮಾತನ್ನು ತೆಗೆಯುತ್ತಾರೆ.

ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಂಥವರು ಮುಂಬಯಿಯಲ್ಲಿ ಒಬ್ಬರಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಾ ಕಲಿತು, ಗುಮಾಸ್ತೆಯಾಗಿ ನಿವೃತ್ತರಾದ ಪೀಳಿಗೆಗೆ ಸೇರಿದವರು ಅವರು. ಆದಿತ್ಯವಾರ ಬೆಳಗ್ಗೆ ಸಂಘದ ಕೋಣೆಯ ಬೀಗ ತೆಗೆಸಿ, ಕರಿಹಲಗೆ ಒರಸಿ, ಬಂದ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಸೀಮೆಸುಣ್ಣದ ಹಣ ಅವರ ಪಿಂಚಣಿಯದು. ಎರಡು ಗಾಡಿ ಬದಲಿಸಿ ಬರುವ ಶ್ರಮವೂ ಅವರದೇ. ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ವರ್ಷವರ್ಷಕ್ಕೆ ಕಡಮೆಯಾಗುತ್ತಾ ಬಂದುದು ಎಲ್ಲರಿಗೂ ತಿಳಿದ ಸಂಗತಿ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ, ಹೊರಗೆ ಮರಾಠಿ ಹಿಂದಿಗಳನ್ನು ಸಲೀಸಾಗಿ ಬಳಸುವ, ಶಾಲೆಯಲ್ಲಿ ಇಂಗ್ಲಿಷ್ ಓದುವ ಮಗುವಿಗೆ ಅಜ್ಜನ ಕಾಗದ ಓದಲು ಬಾರದು. ಈ ಪತ್ರಿಕೆಯ ವಾಚಕರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಇದನ್ನು ಓದಬಲ್ಲ ಮುಂದಿನ ತಲೆಯಿದೆಯೆಂಬುದನ್ನು ಅವರವರೇ ಯೋಚಿಸಲಿ.

ಹೌದು, ಆ ಹಿರಿಯರ ಮಾತಿನಲ್ಲಿ ಪುನರುಕ್ತಿಯಿದೆ. ಕಂಡ ಮಕ್ಕಳನ್ನೆಲ್ಲ ನಿಲ್ಲಿಸಿ ಒತ್ತಕ್ಷರ ಕೇಳುತ್ತಾರೆ. ಮದುವೆಯ ಮನೆಯಲ್ಲಿ ಆಮಂತ್ರಣಪತ್ರಿಕೆಯ ಕಾಗುಣಿತ ತಿದ್ದುತ್ತಾರೆ. ಪೀಕಾಕನ ಬಂಗಲೆಯಲ್ಲಿ ಅವರಿಗೊಂದು ಕುರ್ಚಿ ಖಂಡಿತ ಸಿಗುತ್ತಿತ್ತು. ನಾವೂ ಸ್ವಲ್ಪ ನಗೋಣ, ಅದರಲ್ಲಿ ಪಾಪವಿಲ್ಲ. ಆದರೆ ಒರೆಗಲ್ಲಿಗೆ ಹಚ್ಚಿ ನೋಡಿದರೆ ಅಲ್ಲಿ ಸವೆಯುತ್ತಿರುವುದು ಯಾರ ಕಾಲು, ಖರ್ಚಾಗುತ್ತಿರುವುದು ಯಾರ ಪಿಂಚಣಿ ಎಂಬುದು ತಾನೇ ಕಾಣುತ್ತದೆ. ಆ ಪಂಕ್ತಿಯ ಮೂವರ ಮಾತಿನಿಂದ ಜಗತ್ತು ಏರಲೂ ಇಲ್ಲ, ಇಳಿಯಲೂ ಇಲ್ಲ. ನಾಲ್ಕನೆಯವರಿಂದ ಈ ವರ್ಷ ಹನ್ನೊಂದು ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿತರು. ಹನ್ನೊಂದು ಬಹಳವಲ್ಲ, ಆದರೂ ಏಳಕ್ಕಿಂತ ಹೆಚ್ಚು.

ಬಡಿಸುತ್ತಿದ್ದ ಗೃಹಿಣಿ ಈ ಸಲ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು ಕೇಳುತ್ತಾಳೆ: "ಮಾವಯ್ಯ, ನಮ್ಮ ಹುಡುಗಿಯನ್ನು ಬರುವ ಆದಿತ್ಯವಾರ ಕಳುಹಿಸಲೇ?"

ಇಷ್ಟು ಹೊತ್ತು ಮಾತು ನಿಲ್ಲಿಸದಿದ್ದ ಹಿರಿಯರು ಒಮ್ಮೆಲೇ ಸುಮ್ಮನಾಗುತ್ತಾರೆ. ಅವರ ಮಾತಿಗೆ ಯಾರಾದರೂ ಉತ್ತರ ಕೊಟ್ಟು ಬಹಳ ದಿನಗಳಾಗಿರಬೇಕು. ಆಮೇಲೆ, "ಕಳುಹಿಸಮ್ಮ. ಒಂಬತ್ತು ಗಂಟೆಗೆ. ಒಂದು ನೋಟುಪುಸ್ತಕ ತಂದರೆ ಸಾಕು," ಎಂದು ಎಲೆಯ ಕಡೆ ನೋಡುತ್ತಾ ಹೇಳುತ್ತಾರೆ.

ಆ ಮಧ್ಯಾಹ್ನ ನೇರವಾದ ಉತ್ತರ ದೊರೆತ ಪ್ರಶ್ನೆಗಳು ಹೀಗೆ ಎರಡಾದವು.